ಸಾಹಸಿ ಯಾರು, ನಷ್ಟ ಯಾರದು

ಉದ್ಯಮಿ ಎಂದರೆ ಇಂಥವನೇ ಎಂಬ ಒಂದು ಚಿತ್ರ ನಮ್ಮ ನಡುವೆ ಗಟ್ಟಿಯಾಗಿ ಕೂತಿದೆ. ಮೂವತ್ತರ ಆಸುಪಾಸಿನ ಯುವಕ, ಬಹುಮಟ್ಟಿಗೆ ಎಂಜಿನಿಯರ್, ಎಚ್‌ಎಸ್‌ಆರ್ ಲೇಔಟಿನಲ್ಲೋ ಕೋರಮಂಗಲದಲ್ಲೋ ಬಾಡಿಗೆಯ ಆಫೀಸು. ಐಡಿಯಾ ಹೊಳೆದು ಕೈತುಂಬ ಸಂಬಳದ ಕೆಲಸ ಬಿಟ್ಟವನು, ಹೂಡಿಕೆದಾರರ ಮುಂದೆ ನಿಂತು ಕೋಟಿಗಟ್ಟಲೆ ಹಣ ತಂದವನು, ಕಂಪನಿಯ ಬೆಲೆಯನ್ನು ನೂರು ಕೋಟಿ ಡಾಲರಿಗೆ ಮುಟ್ಟಿಸಿ ಯೂನಿಕಾರ್ನ್ ಎನಿಸಿಕೊಂಡವನು. ಕಾಲೇಜಿನ ಸಮಾರಂಭಕ್ಕೆ ಇವನೇ ಮುಖ್ಯ ಅತಿಥಿ. ಸರ್ಕಾರ ನೀತಿ ರೂಪಿಸುವಾಗ ಕಣ್ಣ ಮುಂದೆ ಇಟ್ಟುಕೊಳ್ಳುವುದೂ ಇವನನ್ನೇ. ಉದ್ಯಮಶೀಲತೆ ಒಬ್ಬನ ತಲೆಯಲ್ಲಿ ಹುಟ್ಟಿ ಒಬ್ಬನ ಎದೆಗಾರಿಕೆಯಿಂದ ಬೆಳೆಯುತ್ತದೆ, ಉಳಿದವರೆಲ್ಲ ಅವನು ಕೊಟ್ಟ ಕೆಲಸ ಮಾಡುವವರು ಎಂಬ ನಂಬಿಕೆ ಇದರ ತಳದಲ್ಲಿದೆ.

ಈ ನಂಬಿಕೆ ತಪ್ಪು. ನಮ್ಮ ನಾಡಿನ ಇತಿಹಾಸಕ್ಕೆ ಇದು ಹೊಂದುವುದಿಲ್ಲ. ಇದರ ಸಮರ್ಥಕರು ಪದೇ ಪದೇ ಹೆಸರಿಸುವ ಅರ್ಥಶಾಸ್ತ್ರಕ್ಕೂ ಹೊಂದುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಇದು ಅನ್ಯಾಯದ ನಂಬಿಕೆ. ನಷ್ಟದ ಭಾರ ಹೊತ್ತವರ ಹೆಸರನ್ನು ಅಳಿಸಿ, ಬೇರೆಯವರ ಹಣದಲ್ಲಿ ಆಡಿದವರಿಗೆ ಸಾಹಸಿ ಎಂಬ ಪಟ್ಟ ಕಟ್ಟುತ್ತದೆ. ಇನ್ನೊಂದು ಕಡೆ, ಬೇರೆ ದಾರಿಯೇ ಇಲ್ಲದೆ ಬೀದಿಗೆ ಬಿದ್ದವರನ್ನೂ ‘ನೀವೂ ಉದ್ಯಮಿಗಳೇ’ ಎಂದು ಬೆನ್ನು ತಟ್ಟಿ ಕೈತೊಳೆದುಕೊಳ್ಳುತ್ತದೆ.

ಮೊದಲು ಶಾಸ್ತ್ರದ ಮಾತು. ಉದ್ಯಮಿಯನ್ನು ವೀರನನ್ನಾಗಿ ಮಾಡುವವರು ಜೋಸೆಫ್ ಶುಂಪೀಟರ್ ಹೆಸರನ್ನು ತರದೆ ಬಿಡುವುದಿಲ್ಲ. 1911ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ತನ್ನ ಪುಸ್ತಕದಲ್ಲಿ ಆತ ಉದ್ಯಮಿಯ ಕೆಲಸ ಏನೆಂದು ಬಿಡಿಸಿ ಹೇಳಿದ್ದಾನೆ: ಹೊಸ ಸರಕು, ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಸಂಘಟನೆಯ ಹೊಸ ರೀತಿ, ಇವುಗಳಲ್ಲಿ ಯಾವುದನ್ನಾದರೂ ಕಾರ್ಯಕ್ಕೆ ತರುವುದು. ಆದರೆ ಅದೇ ಪುಸ್ತಕದ ಇನ್ನೊಂದು ಮಾತನ್ನು ಇವರು ಓದಿದಂತೆ ಕಾಣುವುದಿಲ್ಲ. ನಷ್ಟದ ಅಪಾಯ ಹೊರುವವನು ಉದ್ಯಮಿಯಲ್ಲ, ಅವನಿಗೆ ಹಣ ಕೊಟ್ಟವನು ಎಂದು ಶುಂಪೀಟರ್ ಸ್ಪಷ್ಟವಾಗಿ ಬರೆದಿದ್ದಾನೆ. ಸಾಯುವುದಕ್ಕೆ ಒಂದು ವರ್ಷ ಮೊದಲು, 1949ರ ಒಂದು ಪ್ರಬಂಧದಲ್ಲಿ ಆತ ಇನ್ನೂ ಮುಂದೆ ಹೋದ. ಉದ್ಯಮಶೀಲತೆ ಎಂಬುದು ಒಂದು ಕಾರ್ಯ, ಅದನ್ನು ಒಬ್ಬನೇ ವ್ಯಕ್ತಿ ನಡೆಸಬೇಕೆಂದೇನೂ ಇಲ್ಲ, ಹಲವರು ಕೂಡಿಯೂ ನಡೆಸಬಹುದು ಎಂದ. ಅದಕ್ಕೆ ಆತ ಕೊಟ್ಟ ಉದಾಹರಣೆ ಯಾವ ಕಾರ್ಖಾನೆಯ ಒಡೆಯನೂ ಅಲ್ಲ. ರೈತರ ಬೇಸಾಯಕ್ರಮವನ್ನೇ ಬದಲಿಸಿದ ಅಮೆರಿಕದ ಸರ್ಕಾರಿ ಕೃಷಿ ಇಲಾಖೆ.

ಅಪಾಯದ ಮಾತನ್ನು ಮೊದಲು ಆಡಿದವನು ರಿಚರ್ಡ್ ಕ್ಯಾಂಟಿಲನ್. ಅವನು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1755ರಲ್ಲಿ, ಅವನ ಪುಸ್ತಕ ಅಚ್ಚಾಯಿತು. ಗೊತ್ತಿರುವ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವವನೇ ಉದ್ಯಮಿ ಎಂದು ಅವನ ಲೆಕ್ಕ. ಆ ಲೆಕ್ಕದಲ್ಲಿ ರೈತನೂ ಉದ್ಯಮಿ, ನೀರು ಹೊತ್ತು ಮಾರುವವನೂ ಉದ್ಯಮಿ. ಇಂದಿನ ಜನಪ್ರಿಯ ಚಿತ್ರ ಮಾಡಿರುವುದಿಷ್ಟು: ಶುಂಪೀಟರನಿಂದ ಹೊಸತನವನ್ನೂ ಕ್ಯಾಂಟಿಲನ್‌ನಿಂದ ಎದೆಗಾರಿಕೆಯನ್ನೂ ತೆಗೆದುಕೊಂಡು ಎರಡನ್ನೂ ಒಬ್ಬನ ಕೊರಳಿಗೆ ಹಾಕಿದೆ. ಬೆಳೆ ತೆಗೆದು ಮಂಡಿಯ ಬೆಲೆಗಾಗಿ ಕಾಯುವ ರೈತನ ಎದೆಗಾರಿಕೆ ಯಾರ ಲೆಕ್ಕಕ್ಕೂ ಬರದೆ ಹೋಯಿತು.

ಈಗ ನಮ್ಮ ನಾಡಿಗೆ ಬರೋಣ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧ ಕೊಳ್ಳುವವರಿಲ್ಲದೆ ಉಳಿಯಿತು. ಅಲ್ಲಿಯವರೆಗೆ ಮರವನ್ನು ಹರಾಜು ಹಾಕುವುದಷ್ಟೇ ನಮ್ಮ ಕೆಲಸ. ಯುರೋಪಿಗೆ ಹೋಗಿ ಎಣ್ಣೆಯಾಗುತ್ತಿತ್ತು, ಲಾಭ ಅಲ್ಲಿಯವರದು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ, ಎಣ್ಣೆಯನ್ನು ಇಲ್ಲಿಯೇ ತೆಗೆಯಲು ನಿಶ್ಚಯಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ತಜ್ಞರು ಬಟ್ಟಿ ಇಳಿಸುವ ವಿಧಾನವನ್ನು ಹದಕ್ಕೆ ತಂದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ ಬಂತು. ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿನಲ್ಲಿ ಸಾಬೂನು ತಯಾರಿಕೆ ಕಲಿತು ಬಂದರು, 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪ್ ಬಂತು. ಶುಂಪೀಟರನ ಪಟ್ಟಿಯನ್ನು ಇದರ ಪಕ್ಕ ಇಟ್ಟು ನೋಡಿ: ಹೊಸ ಸರಕು ಇದೆ, ಹೊಸ ವಿಧಾನ ಇದೆ, ಹೊಸ ಮಾರುಕಟ್ಟೆ ಇದೆ. ನಷ್ಟವಾಗಿದ್ದರೆ ಅದು ಸಂಸ್ಥಾನದ ಬೊಕ್ಕಸಕ್ಕೆ, ಎಂದರೆ ಕಂದಾಯ ಕಟ್ಟುವ ರೈತನಿಗೆ. ಇಲ್ಲಿ ಉದ್ಯಮಿ ಯಾರು? ಅರಸರೇ, ದಿವಾನರೇ, ವಿಜ್ಞಾನಿಗಳೇ, ಕಂದಾಯ ಕೊಟ್ಟವರೇ? ಒಂದೇ ಹೆಸರು ಹೇಳಲಾಗುವುದಿಲ್ಲ. ಆದರೂ ಉದ್ಯಮ ನಡೆಯಿತು, ಇಂದಿಗೂ ನಡೆಯುತ್ತಿದೆ.

ಬೆಂಗಳೂರಿನ ಇಂದಿನ ಐಟಿ ವೈಭವವನ್ನು ಕೆಲವೇ ಜನರ ಜಾಣ್ಮೆಯ ಫಲವೆಂದು ಬಣ್ಣಿಸುವವರು ಅದಕ್ಕೂ ಮೊದಲಿನ ಎಂಬತ್ತು ವರ್ಷಗಳನ್ನು ಮರೆಮಾಚುತ್ತಾರೆ. 1909ರಲ್ಲಿ ವಿಜ್ಞಾನ ಸಂಸ್ಥೆ, ಟಾಟಾ ಅವರ ದತ್ತಿ, ಮೈಸೂರಿನ ಜಮೀನು. 1940ರಲ್ಲಿ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಕೂಡಿ ತೆರೆದ ವಿಮಾನ ಕಾರ್ಖಾನೆ, ಇಂದಿನ ಎಚ್‌ಎಎಲ್. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಎಷ್ಟೋ ಈ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಲೇ ತಲೆ ಎತ್ತಿದವು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದದ್ದು ಬರಿಯ ತಂಪು ಹವೆಗಾಗಿ ಅಲ್ಲ. ಓದಿದ, ಕೈಪಳಗಿದ ಜನ ಇಲ್ಲಿದ್ದರು. ಆ ಜನರನ್ನು ತಯಾರು ಮಾಡಿದ ಖರ್ಚು ಸಾರ್ವಜನಿಕರದು.

ವ್ಯಕ್ತಿಯ ಸಾಹಸವನ್ನು ನಾನು ಅಲ್ಲಗಳೆಯುತ್ತಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಅವರು ಕಬ್ಬಿಣದ ನೇಗಿಲು ಮಾಡಿದಾಗ ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆಂದು ರೈತರು ಹೆದರಿದರು. ನೇಗಿಲುಗಳು ಮಾರಾಟವಾಗದೆ ಉಳಿದವು, ಕಿರ್ಲೋಸ್ಕರರು ಬಿಡಲಿಲ್ಲ. ಆ ಗಟ್ಟಿತನಕ್ಕೆ ಕೈ ಮುಗಿಯಲೇಬೇಕು. ಆದರೆ ಬೆಳಗಾವಿಯಲ್ಲಿ ಜಾಗ ತೆರವು ಮಾಡಬೇಕಾಗಿ ಬಂದಾಗ ಅವರಿಗೆ ಆಸರೆ ಕೊಟ್ಟವರು ಔಂಧ್ ಸಂಸ್ಥಾನದ ಅರಸರು. 1910ರಲ್ಲಿ ಅಲ್ಲಿನ ಜಮೀನಿನಲ್ಲೇ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದಿತು. ಒಬ್ಬಂಟಿ ಎಂದು ನಾವು ತಿಳಿದವರ ಕಥೆಯಲ್ಲೂ ಒಬ್ಬಂಟಿತನ ಇಷ್ಟೇ.

ನನ್ನ ವಾದದ ನಿಜವಾದ ಬಲ ಇರುವುದು ಹಲವರು ಕೂಡಿ ಕಟ್ಟಿದ ಉದ್ಯಮಗಳಲ್ಲಿ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದಲ್ಲೇ ಮೊದಲನೆಯದು. ಸಾಹುಕಾರನ ಬಡ್ಡಿಯಿಂದ ಹೊರಬರುವ ದಾರಿಯನ್ನು ಒಂದು ಹಳ್ಳಿ ತಾನೇ ಮಾಡಿಕೊಂಡಿತು. ಇಪ್ಪತ್ತು ವರ್ಷದ ನಂತರ, 1925ರಲ್ಲಿ, ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮೂವರು ಸೇರಿ ಎಂಟು ಸಾವಿರ ರೂಪಾಯಿಯ ಬಂಡವಾಳದಲ್ಲಿ ಒಂದು ಬ್ಯಾಂಕು ತೆರೆದರು, ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್. ಕೈಮಗ್ಗ ಕುಸಿದು ನೇಕಾರರು ಕಂಗೆಟ್ಟಿದ್ದ ಹೊತ್ತು ಅದು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಸಾಕು; ಬ್ಯಾಂಕಿನ ಏಜೆಂಟ್ ಮನೆ ಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಹತ್ತಿರಕ್ಕೆ ಬ್ಯಾಂಕೇ ನಡೆದುಹೋಯಿತು. ಚಿಕ್ಕ ಸಾಲ, ಚಿಕ್ಕ ಉಳಿತಾಯ ಎಂದು ಜಗತ್ತಿನ ಸಮ್ಮೇಳನಗಳಲ್ಲಿ ಮಾತು ಕೇಳಿಬರುವುದಕ್ಕೆ ಅರ್ಧ ಶತಮಾನ ಮೊದಲಿನ ಸಂಗತಿ ಇದು. ಪೈಗಳ ಬುದ್ಧಿವಂತಿಕೆ ದೊಡ್ಡದೇ. ಆದರೆ ಬಂಡವಾಳ ಎರಡೆರಡಾಣೆ ಕೊಟ್ಟ ಹೋಟೆಲ್ ಮಾಣಿಯದು, ಮೀನು ಮಾರುವವಳದು, ಬೀಡಿ ಕಟ್ಟುವವಳದು.

ಅಡಿಕೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ನೆಲಕಚ್ಚಿತು. ದಕ್ಷಿಣ ಕನ್ನಡ, ಕಾಸರಗೋಡಿನ ಬೆಳೆಗಾರ ಸಿಪ್ಪೆ ಸಮೇತ ಅಡಿಕೆಯನ್ನು ಅಂಗಳದಲ್ಲಿ ತಿಂಗಳಿಗೂ ಮೀರಿ ಒಣಗಿಸಿ, ಸುಲಿದು, ಚಾಲಿ ಮಾಡಿ ಅಂಗಡಿಗೆ ಒಯ್ದರೆ ಅಲ್ಲಿ ವ್ಯಾಪಾರಿ ಹೇಳಿದ್ದೇ ದರ. ಮನೆಯ ಮದುವೆ, ಮಕ್ಕಳ ಓದು ಎಲ್ಲ ಆ ದರಕ್ಕೆ ಕಟ್ಟುಬಿದ್ದದ್ದು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದರು. ಈ ಸಹಕಾರ ಸಂಸ್ಥೆ ಮಾಡಿದ ಕೆಲಸ ಹೇಳಲು ಸರಳ: ಮಾರುಕಟ್ಟೆಗೆ ತಾನೂ ಕೊಳ್ಳುಗನಾಗಿ ಇಳಿಯಿತು, ಇಂದಿನ ದರ ಇಷ್ಟು ಎಂದು ಬಹಿರಂಗವಾಗಿ ಹೇಳಿತು. ಅದರ ಸದಸ್ಯನಲ್ಲದ ರೈತನಿಗೂ ಇದರಿಂದ ಅನುಕೂಲವಾಯಿತು, ಏಕೆಂದರೆ ಕ್ಯಾಂಪ್ಕೊ ದರ ಗೊತ್ತಿರುವ ರೈತನಿಗೆ ಪಕ್ಕದ ಅಂಗಡಿಯವನು ತೀರಾ ಕಡಿಮೆ ಹೇಳಲಾರ.

ಅಲ್ಲಿಗೇ ನಿಲ್ಲಲಿಲ್ಲ. ಅಡಿಕೆ ತೋಟದ ನಡುವೆ ಕೊಕ್ಕೋ ಹಾಕಿ ಎಂದು ರೈತರನ್ನು ಹುರಿದುಂಬಿಸಿದ್ದ ಕಾಲ ಒಂದಿತ್ತು. ಗಿಡ ಫಲಕ್ಕೆ ಬಂದಾಗ ಹೊರಗಿನ ಬೆಲೆ ಕುಸಿಯಿತು, ಖಾಸಗಿ ಕೊಳ್ಳುಗರು ಹಿಂದೆ ಸರಿದರು. ಕೊಕ್ಕೋ ಕಾಯಿ ಮನೆಯಲ್ಲಿಟ್ಟು ಕಾಯುವಂಥದ್ದಲ್ಲ, ಕೊಯ್ದ ಮೇಲೆ ಕೊಳೆಯುತ್ತದೆ. ಆಗ ಹಸಿ ಬೀಜ ಕೊಳ್ಳಲು ಮುಂದೆ ಬಂದದ್ದು ಕ್ಯಾಂಪ್ಕೊ. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ 1986ರಲ್ಲಿ ಪುತ್ತೂರಿನಲ್ಲಿ ಎದ್ದ ಚಾಕೊಲೇಟ್ ಕಾರ್ಖಾನೆ ಉತ್ತರವಾಯಿತು. ಅಡಿಕೆ ಬೆಳೆಗಾರರು ಚಾಕೊಲೇಟ್ ತಯಾರಕರಾದರು! ಬೆಂಗಳೂರಿನ ಯಾವುದೋ ಕಂಪನಿ ಹೀಗೆ ಒಂದು ವ್ಯಾಪಾರದಿಂದ ಇನ್ನೊಂದಕ್ಕೆ ಹೊರಳಿದ್ದರೆ ಮ್ಯಾನೇಜ್‌ಮೆಂಟ್ ಶಾಲೆಗಳು ಅದನ್ನು ಪಾಠವಾಗಿ ಬೋಧಿಸುತ್ತಿದ್ದವು. ಹೊಸತನ ಇಲ್ಲಿದೆ, ಅಪಾಯ ಇಲ್ಲಿದೆ, ಮತ್ತು ಅಪಾಯ ಹೊತ್ತವರೇ ಒಡೆಯರು ಎಂಬ ನ್ಯಾಯವೂ ಇಲ್ಲಿದೆ.

ಕೆಲಸ ಕಳೆದುಕೊಂಡವರು ಒಡೆಯರಾದ ಉದಾಹರಣೆಯೂ ಬೆಂಗಳೂರಿನದೇ. ಕಾಫಿ ಮಂಡಳಿ ನಡೆಸುತ್ತಿದ್ದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಸಪ್ಲೈಯರುಗಳೂ ಅಡುಗೆಯವರೂ ಮನೆಗೆ ಹೋಗಬೇಕಾಗಿತ್ತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ನೌಕರರು ಸಹಕಾರ ಸಂಘಗಳನ್ನು ಕಟ್ಟಿಕೊಂಡು ಕಾಫಿ ಹೌಸುಗಳನ್ನು ತಾವೇ ವಹಿಸಿಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಎಂ.ಜಿ. ರಸ್ತೆಯ ಹಳೆಯ ಕಟ್ಟಡ 2009ರಲ್ಲಿ ಕೈಬಿಟ್ಟುಹೋದಾಗ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾಗಿ ಮತ್ತೆ ಕಾಫಿ ಬಡಿಸಿದರು. ತಟ್ಟೆ ಹಿಡಿದು ಬರುವ ಸಪ್ಲೈಯರೇ ಸಂಸ್ಥೆಯ ಪಾಲುದಾರ. ನಮ್ಮ ಕಾಲೇಜುಗಳ ಉದ್ಯಮಶೀಲತೆಯ ತರಗತಿಗಳಲ್ಲಿ ಈ ಮಾತು ಯಾಕೆ ಬರುವುದಿಲ್ಲ?

ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತು. ಸಹಕಾರ ಸಂಘಗಳು ರಾಜಕಾರಣಿಗಳ ಹಿಡಿತದಲ್ಲಿವೆ, ಹಣ ನುಂಗಿದ ಬ್ಯಾಂಕುಗಳಿವೆ, ಸಾರ್ವಜನಿಕ ಕಾರ್ಖಾನೆಗಳು ಸೋಮಾರಿಯಾಗಿ ಸತ್ತವು ಎನ್ನುತ್ತಾರೆ. ಇದರಲ್ಲಿ ನಿಜವಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ನಿವೃತ್ತರು ತಮ್ಮ ಜೀವಮಾನದ ಉಳಿತಾಯಕ್ಕಾಗಿ ಬೀದಿಯಲ್ಲಿ ನಿಂತರು. ದೇಶಕ್ಕೆ ಗಡಿಯಾರ ಕಟ್ಟಿಸಿದ ಎಚ್‌ಎಂಟಿಯ ವಾಚ್ ಕಾರ್ಖಾನೆಗಳ ಬಾಗಿಲು 2016ರಲ್ಲಿ ಮುಚ್ಚಿತು. ಈ ಸೋಲುಗಳನ್ನು ಮುಚ್ಚಿಡುವುದು ಬೇಡ. ಆದರೆ ಎಲ್ಲರಿಗೂ ಒಂದೇ ತಕ್ಕಡಿ ಇರಲಿ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಲ್ಪಟ್ಟಿದ್ದ ಬೆಂಗಳೂರಿನ ಬೈಜೂಸ್ ಕಂಪನಿ 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಬಂತು. ಅಷ್ಟರೊಳಗೆ ಸಾವಿರಾರು ನೌಕರರು ಕೆಲಸ ಕಳೆದುಕೊಂಡಿದ್ದರು. ಆಗ ಯಾರೂ ಸ್ಟಾರ್ಟಪ್ ಎಂಬ ಪದ್ಧತಿಯೇ ಕೊಳೆತಿದೆ ಎನ್ನಲಿಲ್ಲ. ಒಂದು ಕಂಪನಿ ಸೋತಿತು, ಸೋಲಿನಿಂದ ಪಾಠ ಕಲಿಯಬೇಕು ಎಂದರು. ಸಹಕಾರಿಯೊಂದು ಸೋತರೆ ಮಾತ್ರ ಸಹಕಾರ ತತ್ವವೇ ಸೋತಂತೆ. ಒಬ್ಬನ ಸೋಲು ಅನುಭವ, ಹಲವರ ಸೋಲು ಅಪರಾಧ ಎಂಬ ಈ ಎರಡು ನ್ಯಾಯವನ್ನು ನಾನು ಒಪ್ಪಲಾರೆ.

ಇನ್ನು ಈ ನಂಬಿಕೆಯ ಎರಡನೆಯ ಮುಖ. ಮೇಲ್ತುದಿಯಲ್ಲಿ ಉದ್ಯಮಿಯ ಚಿತ್ರವನ್ನು ಒಬ್ಬನಿಗೆ ಸೀಮಿತ ಮಾಡಿದವರೇ ಕೆಳತುದಿಯಲ್ಲಿ ಅದನ್ನು ಕಂಡಕಂಡವರಿಗೆಲ್ಲ ಹಂಚುತ್ತಾರೆ. ಮಳೆಯಲ್ಲಿ ಊಟದ ಪೊಟ್ಟಣ ತರುವ ಹುಡುಗ ಕಂಪನಿಯ ನೌಕರನಲ್ಲ, ಅವನೊಬ್ಬ ಸ್ವತಂತ್ರ ಪಾಲುದಾರ, ಸಣ್ಣ ಉದ್ಯಮಿ ಎಂದು ಹೇಳಲಾಗುತ್ತದೆ. ಅವನ ಉದ್ಯಮದ ಲೆಕ್ಕ ತೆಗೆದು ನೋಡಿ. ಬೈಕು ಅವನದು, ಅದರ ಕಂತು ಅವನದು. ಪೆಟ್ರೋಲ್ ಅವನದು, ಮೊಬೈಲ್ ಅವನದು, ಬಿದ್ದರೆ ಮುರಿಯುವ ಕಾಲು ಅವನದು. ಆದರೆ ಒಂದು ಆರ್ಡರಿಗೆ ಎಷ್ಟು ಎಂದು ನಿಶ್ಚಯಿಸುವವನು ಅವನಲ್ಲ. ಗಿರಾಕಿ ಅವನ ಗಿರಾಕಿಯಲ್ಲ. ರೇಟಿಂಗ್ ಇಳಿದರೆ ಐಡಿ ಬ್ಲಾಕ್ ಆಗುತ್ತದೆ. ಉದ್ಯಮಿಯ ನಷ್ಟವೆಲ್ಲ ಇವನಿಗೆ, ಉದ್ಯಮಿಯ ಅಧಿಕಾರ ಒಂದೂ ಇಲ್ಲ. ಇಂಥವನನ್ನು ಉದ್ಯಮಿ ಎನ್ನುವುದು ಮರ್ಯಾದೆ ಕೊಡುವ ಮಾತಲ್ಲ. ಪಿಎಫ್, ಇಎಸ್‌ಐ, ಅಪಘಾತ ಪರಿಹಾರಗಳಿಂದ ತಪ್ಪಿಸಿಕೊಳ್ಳುವ ಉಪಾಯ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾನೂನು ತಂದು, ಅವರ ಕಲ್ಯಾಣ ನಿಧಿಗೆ ಕಂಪನಿಗಳು ಶುಲ್ಕ ಕಟ್ಟಬೇಕೆಂದು ವಿಧಿಸಿದ್ದು ಈ ಕಾರಣಕ್ಕೇ ಸರಿಯಾದ ಹೆಜ್ಜೆ. ಅದು ಉದ್ಯಮಶೀಲತೆಗೆ ಅಡ್ಡಿ ಎಂದು ಕೂಗಿದವರು ನಷ್ಟವನ್ನು ಯಾರ ತಲೆಗೆ ಕಟ್ಟಿ ಉದ್ಯಮ ನಡೆಸುತ್ತಿದ್ದೇವೆ ಎಂಬುದಕ್ಕೆ ಉತ್ತರ ಹೇಳಲಿ.

ಬೀದಿ ವ್ಯಾಪಾರಿಯ ವಿಷಯವೂ ಹೀಗೆಯೇ. 2013-14ರ ಆರನೆಯ ಆರ್ಥಿಕ ಗಣತಿಯಲ್ಲಿ ದೇಶದಲ್ಲಿ ಸುಮಾರು 5.85 ಕೋಟಿ ಘಟಕಗಳು ಲೆಕ್ಕಕ್ಕೆ ಸಿಕ್ಕವು. ಹತ್ತರಲ್ಲಿ ಏಳು, ಒಬ್ಬ ಕೂಲಿಯಾಳನ್ನೂ ಖಾಯಂ ಇಟ್ಟುಕೊಳ್ಳದೆ ಮನೆಮಂದಿಯೇ ನಡೆಸುವಂಥವು. ಇದನ್ನು ತೋರಿಸಿ ನಮ್ಮದು ಉದ್ಯಮಿಗಳ ದೇಶ ಎಂದು ಹೆಮ್ಮೆ ಪಡುವವರಿದ್ದಾರೆ. ಕೆ.ಆರ್. ಮಾರುಕಟ್ಟೆಯಲ್ಲಿ ನಸುಕಿಗೇ ಸಾಲ ತೆಗೆದು ಹೂವು ಕೊಂಡು, ಸಂಜೆಗೆ ಬಡ್ಡಿ ಸಮೇತ ತೀರಿಸಿ, ಮಿಕ್ಕದ್ದರಲ್ಲಿ ಅಕ್ಕಿ ಕೊಂಡು ಮನೆಗೆ ಹೋಗುವ ಹೆಂಗಸು ಕ್ಯಾಂಟಿಲನ್‌ನ ಲೆಕ್ಕದಲ್ಲಿ ಅಪ್ಪಟ ಉದ್ಯಮಿ. ಅವಳ ಧೈರ್ಯ ಯಾವ ಯೂನಿಕಾರ್ನ್ ಒಡೆಯನಿಗಿಂತಲೂ ಕಡಿಮೆಯದಲ್ಲ. ಆದರೆ ಆ ಧೈರ್ಯ ಅವಳು ಆರಿಸಿಕೊಂಡದ್ದಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ 2011ರ ತಮ್ಮ ಪುಸ್ತಕದಲ್ಲಿ ಇಂಥವರನ್ನು ಒಲ್ಲದ ಉದ್ಯಮಿಗಳು ಎಂದು ಗುರುತಿಸಿದರು. ತಿಂಗಳ ಸಂಬಳದ ಕೆಲಸ ಸಿಕ್ಕರೆ ಇವರಲ್ಲಿ ಬಹಳ ಮಂದಿ ನಾಳೆಯೇ ಗಾಡಿ ಬಿಟ್ಟು ಹೋಗುತ್ತಾರೆ, ಮಕ್ಕಳಿಗಂತೂ ಸರ್ಕಾರಿ ನೌಕರಿಯನ್ನೇ ಬಯಸುತ್ತಾರೆ. ಅವಳಿಗೆ ಬೇಕಾದದ್ದು ಭಾಷಣ ಅಲ್ಲ. ಅಗ್ಗದ ಸಾಲ, ಎಬ್ಬಿಸದ ಜಾಗ, ಕಾಯಿಲೆ ಬಿದ್ದ ದಿನಕ್ಕೊಂದು ಆಸರೆ. 2018ರಲ್ಲಿ ರಾಜ್ಯ ಸರ್ಕಾರ ‘ಬಡವರ ಬಂಧು’ ಯೋಜನೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಹತ್ತು ಸಾವಿರದವರೆಗೆ ಬಡ್ಡಿಯಿಲ್ಲದ ಸಾಲ ಕೊಡಿಸಲು ಹೊರಟಿತು. ಆ ಸಾಲ ಹಂಚುವ ಕೆಲಸವನ್ನು ವಹಿಸಿದ್ದು ಸಹಕಾರ ಬ್ಯಾಂಕುಗಳಿಗೆ.

ಇಷ್ಟಾದರೂ ನೀತಿ ಬರೆಯುವವರ ಕಣ್ಣಿಗೆ ಸಹಕಾರಿ ಉದ್ಯಮ ಉದ್ಯಮವಾಗಿ ಕಾಣಲಿಲ್ಲ. 2016ರ ಜನವರಿಯಲ್ಲಿ ಸ್ಟಾರ್ಟಪ್ ಇಂಡಿಯಾ ಘೋಷಣೆಯಾದಾಗ ಯಾರು ಸ್ಟಾರ್ಟಪ್ ಎನಿಸಿಕೊಳ್ಳಬಹುದು ಎಂಬುದಕ್ಕೆ ವ್ಯಾಖ್ಯೆ ಮಾಡಿದರು. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಅದರಲ್ಲಿ ಜಾಗವಿತ್ತು, ಪಾಲುದಾರಿಕೆ ಸಂಸ್ಥೆಗಳಿಗೂ ಇತ್ತು. ಹತ್ತು ಜನ ನೇಕಾರರು ಸೇರಿ ಹೊಸ ಬಣ್ಣ, ಹೊಸ ಮಾರುಕಟ್ಟೆ ಹುಡುಕಿ ಸಹಕಾರ ಸಂಘ ಕಟ್ಟಿದ್ದರೆ ಅವರಿಗೆ ಇರಲಿಲ್ಲ. ಒಂದು ಉದ್ಯಮದ ಹೊಸತನವನ್ನು ಅದರ ಒಡೆತನದ ಪತ್ರ ನೋಡಿ ಅಳೆಯುವುದು ಎಲ್ಲಿಯ ನ್ಯಾಯ?

ನಾನು ಕೇಳುವುದು ಹೆಚ್ಚೇನಲ್ಲ. ಸಾರ್ವಜನಿಕ ಹಣದಿಂದ ಉದ್ಯಮಕ್ಕೆ ಏನೇ ನೆರವು ಕೊಡುವಾಗಲೂ ನಷ್ಟ ಯಾರು ಹೊರುತ್ತಾರೆ, ಲಾಭದಲ್ಲಿ ಅವರ ಪಾಲೆಷ್ಟು ಎಂಬ ಎರಡು ಪ್ರಶ್ನೆ ಕೇಳಲಿ. ಕಾಮರ್ಸ್ ಮತ್ತು ಎಂಜಿನಿಯರಿಂಗ್ ಪಠ್ಯದಲ್ಲಿ ಕ್ಯಾಂಪ್ಕೊ, ಪಿಗ್ಮಿ ಠೇವಣಿ, ಕಾಫಿ ಹೌಸಿನ ನೌಕರರು ಇರಲಿ, ಹಳೆಯ ನೆನಪಾಗಿ ಅಲ್ಲ, ಇಂದೂ ಮಾಡಬಹುದಾದ ಕೆಲಸವಾಗಿ. ಕೆಲಸ ಬಿಟ್ಟು ಉದ್ಯಮಕ್ಕೆ ಇಳಿಯಲು ಹೊರಟಿರುವ ತರುಣರು ಹೂಡಿಕೆದಾರನನ್ನು ಹುಡುಕುವ ಮೊದಲು ಒಡೆತನ ಹಂಚಿಕೊಳ್ಳಬಲ್ಲ ಹತ್ತು ಜನರನ್ನು ಹುಡುಕಲಿ.

ಓದುಗರಲ್ಲಿ ಒಂದು ಬೇಡಿಕೆ ಇದೆ. ನಿಮ್ಮೂರಿನ ಹಾಲಿನ ಡೇರಿ, ಪತ್ತಿನ ಸಂಘ, ಅಡಿಕೆ ಸೊಸೈಟಿ ಯಾವುದರಲ್ಲಾದರೂ ನಿಮ್ಮ ಹೆಸರಿನಲ್ಲೋ ನಿಮ್ಮ ಅಪ್ಪನ ಹೆಸರಿನಲ್ಲೋ ಒಂದು ಷೇರು ಇದ್ದೀತು. ಸಹಕಾರಿಗಳನ್ನು ರಾಜಕಾರಣಿಗಳು ಹಿಡಿದುಕೊಂಡದ್ದು ಸದಸ್ಯರು ಸಭೆಗೆ ಹೋಗುವುದನ್ನು ಬಿಟ್ಟದ್ದರಿಂದ. ಸೆಪ್ಟೆಂಬರಿನೊಳಗೆ ಸರ್ವ ಸದಸ್ಯರ ಸಭೆಯ ನೋಟಿಸು ಬರುತ್ತದೆ. ಈ ಸಲ ಹೋಗಿ. ತಿಂಡಿ ಪೊಟ್ಟಣ ತೆಗೆದುಕೊಂಡು ಸಹಿ ಹಾಕಿ ಎದ್ದು ಬರಬೇಡಿ. ಆಡಿಟ್ ವರದಿ ಓದಿಸಿ, ವಸೂಲಾಗದ ಸಾಲ ಯಾರ ಹೆಸರಿನಲ್ಲಿದೆ ಎಂದು ಎದ್ದು ನಿಂತು ಕೇಳಿ, ಮುಂದಿನ ವರ್ಷ ಸಂಘ ಹೊಸದಾಗಿ ಏನು ಮಾಡಬೇಕೆಂದು ನಿಮ್ಮ ಸಲಹೆಯನ್ನು ನಡಾವಳಿಯಲ್ಲಿ ಬರೆಸಿ.